ಬಾಹುಬಲಿ ಮಗದುಮರ ಕೆಂಪು ಕೈ

ಬಾಹುಬಲಿ ಮಗದುಮ್ ಸುಳ್ಳುಗಾರನಾಗಿರಲಿಲ್ಲ. ಸುಳ್ಳು ಹೇಳುವುದಕ್ಕೆ ಒಳ್ಳೆಯ ನೆನಪು ಬೇಕು, ಅದು ಅವನಲ್ಲಿ ಇರಲಿಲ್ಲ. ಸಾಂಗಲಿಯ ಅರಿಸಿನ ಪೇಟೆಯಲ್ಲಿ ಒಬ್ಬ ಅಡತಿ ವ್ಯಾಪಾರಿಯ ಹತ್ತಿರ ಅವನು ಗುಮಾಸ್ತ. ಬೆಳಿಗ್ಗೆ ವಿಶ್ರಾಮಬಾಗದಲ್ಲಿ ಸಿಟಿ ಬಸ್ಸು ಹತ್ತುವಾಗ ಅಂಗಿ ಬೆಳ್ಳಗಿರುತ್ತಿತ್ತು, ಸಂಜೆ ಇಳಿಯುವಾಗ ಹಳದಿಯಾಗಿರುತ್ತಿತ್ತು. ಇಷ್ಟು ಬಿಟ್ಟರೆ ಅವನ ಬಾಳಿನಲ್ಲಿ ಬಣ್ಣದ ವಿಷಯ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಕೆಟ್ಟದ್ದು ಬುಧಗಾಂವದಲ್ಲಿ, ನಾದಿನಿಯ ಮನೆಯ ತೊಟ್ಟಿಲ ಕಾರ್ಯದಲ್ಲಿ. ಪರದೇಶದ ವ್ಯಾಪಾರಕ್ಕೆ ದೇಶದ ಬಾಗಿಲು ತೆಗೆದು ಎರಡು ಮೂರು ವರ್ಷವಾಗಿದ್ದ ಕಾಲ ಅದು. ಎಲ್ಲರ ಬಾಯಲ್ಲೂ ಎಲೆಯಡಿಕೆಯ ಜೊತೆಗೆ ‘ಎಕ್ಸ್‌ಪೋರ್ಟ್’ ಎಂಬ ಶಬ್ದವೂ ಇರುತ್ತಿತ್ತು. ನಾದಿನಿಯ ಗಂಡ ನೇಮಿನಾಥ ಒಣದ್ರಾಕ್ಷಿಯನ್ನು ದುಬೈಗೆ ಕಳಿಸುತ್ತಿದ್ದ. ಕಳಿಸುವುದು ವರ್ಷಕ್ಕೊಮ್ಮೆ, ಅದರ ಮಾತು ವರ್ಷವಿಡೀ. ಊಟದ ಪಂಕ್ತಿಯಲ್ಲಿ ನಾಲ್ಕು ಜನರ ಎದುರಿಗೆ ಅವನು ಷಡ್ಡಕನನ್ನು ಕೇಳಿಬಿಟ್ಟ, “ಸಾಡೂ, ನಿಮ್ಮದೇನ ನಡದದ? ಇನ್ನೂ ಅದ ಅರಿಸಿನಾನ?”

ಬಾಹುಬಲಿಯ ಕೈಯಲ್ಲಿ ಹೋಳಿಗೆ ಇತ್ತು. ಪಕ್ಕದಲ್ಲಿ ಹೆಂಡತಿ ಶಾಲನಳ ಅಣ್ಣತಮ್ಮಂದಿರು ಕೂತಿದ್ದರು.

“ನಮ್ಮದೂ ಎಕ್ಸ್‌ಪೋರ್ಟ್ ಸುರು ಮಾಡೇನಿ,” ಎಂದ.

“ಹೌದ? ಯಾವ ಮಾಲು?”

ಮೂಲೆಯಲ್ಲಿ ಯಾರೋ ಮುದುಕರು ಉಣ್ಣೆಯ ಕಂಬಳಿಯ ಮೇಲೆ ಕೂತು ಉಣ್ಣುತ್ತಿದ್ದರು. ಬಾಹುಬಲಿ ಅದನ್ನು ನೋಡಿ “ಉಣ್ಣಿ” ಎಂದ. ಅಷ್ಟಕ್ಕೆ ಯಾರ ಮುಖದಲ್ಲೂ ಏನೂ ಆಗಲಿಲ್ಲ. ಬಡಿಸಲು ಬಂದ ಹೆಂಗಸಿನ ಸೆರಗು ಕಣ್ಣಿಗೆ ಬಿತ್ತು. “ರೇಷ್ಮಿನೂ. ಎರಡೂ ಕೂಡಿಸಿ,” ಎಂದು ಸೇರಿಸಿದ. ನೇಮಿನಾಥ ಅಗಿಯುವುದನ್ನು ನಿಲ್ಲಿಸಿದ. ಆ ಒಂದು ಗಳಿಗೆಯ ಸುಖಕ್ಕೆ ನಮ್ಮ ಬಾಹುಬಲಿ ಮುಂದೆ ಏನೇನು ಅನುಭವಿಸಿದ ಎಂಬುದೇ ಈ ಕಥೆ.

ಹೇಳಿದ ಸುಳ್ಳು ಸುಮ್ಮನೆ ಬಿದ್ದಿದ್ದರೆ ತಾನೇ ಒಣಗಿ ಹೋಗುತ್ತಿತ್ತು. ಆದರೆ ಮುಂದಿನ ವಾರವೇ ವಿಶ್ರಾಮಬಾಗದ ಒಂದು ಸಭಾಗೃಹದಲ್ಲಿ ಪುಣೆಯಿಂದ ಬಂದ ತಜ್ಞರೊಬ್ಬರು ಸಣ್ಣ ಉದ್ಯೋಗಗಳ ಮೇಲೆ ಭಾಷಣ ಇಟ್ಟುಕೊಂಡರು. ಚಹಾ ಉಚಿತ. ಬಾಹುಬಲಿ ಹೋಗಿ ಕೂತ. ತಜ್ಞರು ಚೀಲದಿಂದ ಒಂದು ಶಾಲು ತೆಗೆದು ಎತ್ತಿ ಹಿಡಿದರು. ನೇಯ್ದದ್ದಲ್ಲ, ಹೆಣೆದದ್ದಲ್ಲ. ಬಣ್ಣ ಹಾಕಿದ ಉಣ್ಣೆಯನ್ನು ಹಾಸಿ, ಮೇಲೆ ರೇಷ್ಮೆಯ ತುಂಡು ಇಟ್ಟು, ಬಿಸಿನೀರು ಸಾಬೂನು ಹಾಕಿ ತಿಕ್ಕಿದರೆ ಉಣ್ಣೆ ತಾನೇ ಗಟ್ಟಿಯಾಗಿ ರೇಷ್ಮೆಯನ್ನು ಹಿಡಿದುಕೊಳ್ಳುತ್ತದಂತೆ. ಪರದೇಶದ ಹೆಂಗಸರು ಇದಕ್ಕೆ ಮುಗಿಬೀಳುತ್ತಾರಂತೆ.

ಬಾಹುಬಲಿ ಕುರ್ಚಿಯ ತುದಿಗೆ ಸರಿದು ಕೂತ. ತಾನು ಹೋಳಿಗೆ ತಿನ್ನುತ್ತ ಕಟ್ಟಿದ ಮಾಲು ಜಗತ್ತಿನಲ್ಲಿ ನಿಜವಾಗಿಯೂ ಇತ್ತು! ತಜ್ಞರು ಬಣ್ಣ ಹಾಕುವ ಕ್ರಮ ಹೇಳಿದರು. ಉಣ್ಣೆಯೂ ರೇಷ್ಮೆಯೂ ಜೀವಿಗಳಿಂದ ಬಂದದ್ದು, ಆದ್ದರಿಂದ ಎರಡಕ್ಕೂ ಒಂದೇ ಬಣ್ಣ ಹತ್ತುತ್ತದೆ, ಹತ್ತಿಬಟ್ಟೆಗೆ ಹತ್ತುವುದಿಲ್ಲ. ನೀರು, ಬಣ್ಣ, ಸ್ವಲ್ಪ ವಿನೆಗರ್, ಸಣ್ಣ ಉರಿ. “ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು,” ಎಂದರು. ಅದೇ ಹೊತ್ತಿಗೆ ಚಹಾ ಬಂತು. ಬಾಹುಬಲಿ ಎದ್ದು ಎರಡು ಕಪ್ಪು ತಂದು ಕೂರುವಷ್ಟರಲ್ಲಿ ಮುಖ್ಯವಾದ ಮಾತು ಮುಗಿದು ಚಪ್ಪಾಳೆ ಬೀಳುತ್ತಿತ್ತು. ಅವನೂ ತಟ್ಟಿದ.

ಇಲ್ಲಿ ಶಾಲನಳ ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ವರ್ಷ ವಿಶ್ರಾಮಬಾಗದ ಬಸದಿಯಲ್ಲಿ ಒಬ್ಬ ದಿಗಂಬರ ಮುನಿಗಳ ಚಾತುರ್ಮಾಸ. ಮುನಿಗಳಿಗೆ ದಿನಕ್ಕೆ ಒಂದೇ ಹೊತ್ತು ಆಹಾರ. ಬೆಳಿಗ್ಗೆ ಅವರು ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ನಿಯಮ ಹಿಡಿಯುತ್ತಾರೆ: ಇಂಥ ಗುರುತು ಕಂಡ ಮನೆಯಲ್ಲಿ ಮಾತ್ರ ಆಹಾರ, ಕಾಣದಿದ್ದರೆ ಉಪವಾಸ. ಗುರುತು ಯಾವುದು ಎಂದು ಮೊದಲೇ ಯಾರಿಗೂ ಹೇಳುವುದಿಲ್ಲ, ದಿನಕ್ಕೊಂದು ಬೇರೆ. ಹೀಗಾಗಿ ಓಣಿಯವರೆಲ್ಲ ಮಡಿಯುಟ್ಟು, ಕಳಶ ಹಿಡಿದು, ಬಾಗಿಲಲ್ಲಿ ನಿಂತು ಕರೆಯಬೇಕು, ಮುನಿಗಳು ಒಂದು ಮನೆಯ ಎದುರು ನಿಲ್ಲಬೇಕು. ಮೊದಮೊದಲು ಜನ ಬರೀ ತೆಂಗಿನಕಾಯಿ ಹಿಡಿಯುತ್ತಿದ್ದರು. ಆಮೇಲೆ ಗುರುತನ್ನು ಊಹಿಸುವ ಹುಚ್ಚು ಹತ್ತಿತು. ಒಬ್ಬ ಕಬ್ಬು ಹಿಡಿದ, ಒಬ್ಬ ದ್ರಾಕ್ಷಿಗೊಂಚಲು, ಒಬ್ಬ ಬಾಳೆಗೊನೆ. ಪಕ್ಕದ ಮನೆಯ ಧರಣೇಂದ್ರ ಉಪಾಧ್ಯೆ ಚಾತುರ್ಮಾಸ ಸಮಿತಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು. ಅವರು ಒಂದು ದಿನ ಎರಡು ಕೈಯಲ್ಲಿ ಎರಡು ಕುಂಬಳಕಾಯಿ ಹಿಡಿದು ನಿಂತಿದ್ದರು.

ಅವರ ಮನೆಯಲ್ಲಿ ಆಹಾರ ಮತ್ತೆ ಮತ್ತೆ ಆಗಿತ್ತು. ಓಣಿಯ ಎಲ್ಲ ಮನೆಯಲ್ಲೂ ಆಗಿತ್ತು. ಶಾಲನಳ ಮನೆಯಲ್ಲಿ ಮಾತ್ರ ಇಲ್ಲ. ದಿನಾ ಬೆಳಕು ಹರಿಯುವ ಮೊದಲು ಎದ್ದು, ಬಾವಿಯ ನೀರು ಸೋಸಿ, ಧಾನ್ಯ ಬೀಸಿ, ಅಡಿಗೆ ಮಾಡಿ ನಿಲ್ಲುವಳು. ಮುನಿಗಳು ಮುಂದೆ ಹೋದ ಮೇಲೆ ಆ ಅಡಿಗೆಯನ್ನು ಗಂಡಹೆಂಡತಿ ಇಬ್ಬರೇ ಮಾತಿಲ್ಲದೆ ಉಣ್ಣುವರು. ಧರಣೇಂದ್ರರ ಹೆಂಡತಿ ವೃಷಾಲಿ ಕಾಕೂ ಸಂಜೆ ಬಂದು, ಪುಣ್ಯ ಬೇಕು ನೋಡು ಶಾಲನ, ಅದಕ್ಕ ಅವಸರ ಮಾಡಿದ್ರ ಆಗೂದಿಲ್ಲ ಎಂದು ಸಮಾಧಾನ ಹೇಳಿ ಹೋಗುವಳು. ಆ ಸಮಾಧಾನದ ನಂತರ ಶಾಲನ ಹಿತ್ತಲಲ್ಲಿ ಕೂತು ಅಳುತ್ತಿದ್ದಳು. ಚಾತುರ್ಮಾಸ ಮುಗಿಯುತ್ತ ಬಂದಿತ್ತು. ಅವಳಿಗೆ ಬಂಗಾರ ಬೇಡ, ಟಿ.ವಿ. ಬೇಡ, ಈ ಒಂದು ಆಹಾರ ಆಗಬೇಕಿತ್ತು, ಅಷ್ಟೇ.

ಇಂಥ ಮನೆಯ ಮಾಳಿಗೆಯ ಗಚ್ಚಿಯ ಮೇಲೆ ಬಾಹುಬಲಿ ಎಕ್ಸ್‌ಪೋರ್ಟ್ ಆರಂಭಿಸಿದ.

ಉಣ್ಣೆ ಸಿಕ್ಕಿದ್ದು ಖಂಡೇರಾಜುರಿಯ ಲಗಮಣ್ಣನಿಂದ. ಅವನು ಅರಿಸಿನ ಪೇಟೆಗೆ ಆಗಾಗ ಬರುತ್ತಿದ್ದ ಕುರಿಗಾರ, ಮಾತಿನಲ್ಲಿ ಗಟ್ಟಿಗ, ಮಾಲಿನಲ್ಲಿ ಅಷ್ಟಲ್ಲ. ಮುಳ್ಳು, ಹಿಕ್ಕೆ, ಕಸ ಎಲ್ಲ ಸೇರಿದ ಬಿಳಿ ಉಣ್ಣೆಯ ಮೂಟೆಯನ್ನು ಹೆಗಲ ಮೇಲೆ ಹೊತ್ತು, ತಲೆಗೆ ರುಮಾಲು ಸುತ್ತಿ, ಹಾಡುಹಗಲೇ ಜೈನರ ಓಣಿಯಲ್ಲಿ ನಡೆದು ಬಂದ. ಬಾಹುಬಲಿ ಅವನನ್ನು ಸದ್ದಿಲ್ಲದೆ ಗಚ್ಚಿಗೆ ಹತ್ತಿಸಿದ, ಸದ್ದಿಲ್ಲದೆ ಇಳಿಸಿದ. ಹೀಗೆ ಸದ್ದಿಲ್ಲದೆ ಮಾಡಿದ್ದನ್ನು ವೃಷಾಲಿ ಕಾಕೂ ಕಿಟಕಿಯಿಂದ ಪೂರ್ತಿ ನೋಡಿದಳು.

ವಿನೆಗರ್‌ಗೆ ಸ್ಟೇಶನ್ ಹತ್ತಿರದ ಕಿರಾಣಿ ಅಂಗಡಿಗೆ ಹೋದ. ಆ ಕಾಲದಲ್ಲಿ ಅಲ್ಲಿ ಅದನ್ನು ಕೊಳ್ಳುತ್ತಿದ್ದವರು ರಸ್ತೆಬದಿಯ ಚೈನೀಸ್ ಗಾಡಿಯವರು ಮಾತ್ರ. ಅಂಗಡಿಯವನು ಬಾಟಲಿ ಕೊಡುತ್ತ, ಕಾಕಾ, ಮನ್ಯಾಗ ಚಿಕನ್ ಮಂಚೂರಿ ಮಾಡೂದಿದ್ರ ಇದರ ಜೋಡಿ ಸೋಯಾ ಸಾಸೂ ಒಯ್ಯಬೇಕಾಕ್ಕತಿ ಎಂದು ದೊಡ್ಡ ದನಿಯಲ್ಲಿ ಹಿತ ಹೇಳಿದ. ಹಿಂದೆ ಸರದಿಯಲ್ಲಿ ಬಸದಿಯ ಅರ್ಚಕರು ಬೆಲ್ಲಕ್ಕೆ ನಿಂತಿದ್ದರು.

ಬಣ್ಣ ಮಿರಜಿನ ಪೇಟೆಯಲ್ಲಿ ಸಿಕ್ಕಿತು. ಹಲವು ಬಣ್ಣ ಇದ್ದವು, ಬಾಹುಬಲಿ ಕೆಂಪು ತೆಗೆದುಕೊಂಡ. ಶುಭಕಾರ್ಯ ಅಲ್ಲವೆ!

ಉಳಿದದ್ದು ರೇಷ್ಮೆ. ಇಲ್ಲಿ ಬಾಹುಬಲಿ ಎದೆ ಗಟ್ಟಿ ಮಾಡಿಕೊಂಡು ಒಂದು ಕೆಲಸ ಮಾಡಿದ. ಶಾಲನ ಎಷ್ಟೋ ವರ್ಷದ ಹಿಂದೆ ಒಬ್ಬ ಆರ್ಯಿಕೆಯ, ಎಂದರೆ ಜೈನ ಸನ್ಯಾಸಿನಿಯ, ಎದುರು ರೇಷ್ಮೆ ಉಡುವುದಿಲ್ಲ ಎಂದು ವ್ರತ ತೆಗೆದುಕೊಂಡಿದ್ದಳು, ಹುಳುಗಳನ್ನು ಕುದಿಸಿ ತೆಗೆದ ನೂಲು ಎಂದು. ಅವಳ ಮದುವೆಯ ಬಿಳಿ ರೇಷ್ಮೆ ಸೀರೆ ಅಂದಿನಿಂದ ಟ್ರಂಕಿನ ತಳದಲ್ಲಿ ಬೇವಿನೆಲೆಯ ಕೆಳಗೆ ಮಲಗಿತ್ತು. ಉಡದ ಸೀರೆ ಇದ್ದರೇನು, ಹೋದರೇನು ಎಂದು ಅವನ ವಾದ. ವಾದ ಸರಿಯಿದೆಯೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಲಿಲ್ಲ. ಕೇಳಿದರೆ ಸರಿಯಿಲ್ಲ ಎಂದು ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಶಾಲನ ಬಸದಿಯ ವಿಧಾನಪೂಜೆಗೆ ಹೋದಳು. ಬಾಹುಬಲಿ ಪೇಟೆಗೆ ರಜೆ ಹಾಕಿದ. ಗಚ್ಚಿಯ ಮೇಲೆ ಮೂರು ಕಲ್ಲು ಹೂಡಿ, ಹಳೆಯ ತಾಮ್ರದ ಹಂಡೆ ಇಟ್ಟು, ನೀರು, ಕೆಂಪು ಬಣ್ಣ, ವಿನೆಗರ್ ಹಾಕಿ, ಉಣ್ಣೆಯನ್ನೂ ಸೀರೆಯ ತುಂಡುಗಳನ್ನೂ ಒಟ್ಟಿಗೆ ಇಳಿಬಿಟ್ಟ. ಉಣ್ಣೆಯನ್ನು ಮೊದಲು ತೊಳೆಯಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಕುದಿಯುವುದರಲ್ಲಿ ಕೊಳೆ ತಾನೇ ಹೋಗುತ್ತದಲ್ಲ!

ಕುದಿ ಬಂತು. ಅದರ ಹಿಂದೆಯೇ ವಾಸನೆ ಬಂತು. ತೊಳೆಯದ ಉಣ್ಣೆ ಕುದಿಯುವ ವಾಸನೆಯನ್ನು ನೀವು ನೋಡಿದ್ದೀರೋ ಇಲ್ಲವೋ. ಒಂದು ಒದ್ದೆ ಕುರಿ ತನ್ನ ಬಳಗವನ್ನೆಲ್ಲ ಕರೆದುಕೊಂಡು ಮನೆಯೊಳಗೆ ಬಂದು ಕೂತಂತೆ. ಅದು ಗಚ್ಚಿಯಿಂದ ಇಳಿದು, ಓಣಿಯಲ್ಲಿ ತಿರುಗಿ, ಒಂದೊಂದೇ ಕಿಟಕಿ ಹೊಕ್ಕಿತು. ಚಾತುರ್ಮಾಸದಲ್ಲಿ ಹಸಿರು ಸೊಪ್ಪನ್ನೂ ಬಿಟ್ಟ ಓಣಿ ಅದು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಎಷ್ಟು ತಲೆಮಾರು ಆಯಿತೋ. ಜನ ಮೂಗು ಮುಚ್ಚಿಕೊಂಡು ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು.

ಮೇಲೆ ಬಾಹುಬಲಿಗೆ ಬೇರೆ ಚಿಂತೆ. ಬಣ್ಣ ಎಲ್ಲ ಕಡೆ ಸಮನಾಗಿ ಹತ್ತಬೇಕಲ್ಲ. ಒಂದು ಬಡಿಗೆ ತೆಗೆದುಕೊಂಡು, ಮದುವೆಯ ಮನೆಯಲ್ಲಿ ಹುಗ್ಗಿ ತಿರುವಿದ ಹಾಗೆ ಗರಗರ ತಿರುವಿದ. ತಜ್ಞರು ಹೇಳಿದ್ದ ಮುಖ್ಯವಾದ ಮಾತು ಇದೇ ಇತ್ತು, ಕಲಕಬಾರದು ಎಂದು. ಬಿಸಿಯಲ್ಲಿ ಕಲಕಿದ ಉಣ್ಣೆ ಕೂಡಿಕೊಳ್ಳುತ್ತದೆ, ಕೂಡಿಕೊಂಡದ್ದನ್ನು ಬ್ರಹ್ಮ ಬಂದರೂ ಬಿಡಿಸಲಾಗದು. ಸ್ವಲ್ಪ ಹೊತ್ತಿಗೆ ಬಡಿಗೆ ತಿರುಗದಾಯಿತು. ಬಾಹುಬಲಿ ಎರಡೂ ಕೈ ಹಂಡೆಗೆ ಹಾಕಿ ಎಳೆದ. ಬಿಸಿ ಹತ್ತಿತು, ಹೌಹಾರಿ ಹಿಂದೆ ಸರಿದ, ಕಾಲು ತಗುಲಿ ಹಂಡೆ ಉರುಳಿತು. ಒಳಗಿನಿಂದ ಹಂಡೆಯ ಆಕಾರದ್ದೇ ಒಂದು ಕೆಂಪು ಮುದ್ದೆ ದಬಕ್ಕನೆ ಹೊರಗೆ ಬಿತ್ತು. ಕೆಂಪು ನೀರು ಗಚ್ಚಿಯ ಮಳೆನೀರಿನ ದೋಣಿಯಿಂದ ಕೆಳಗೆ ಧೋ ಎಂದು ಸುರಿಯಿತು.

ಕೆಳಗೆ ವಿಧಾನಪೂಜೆ ಮುಗಿಸಿ ಹೆಂಗಸರು ಬರುತ್ತಿದ್ದರು. ಹಬ್ಬದ ದಿನ, ಎಲ್ಲರ ಮೈಮೇಲೂ ರೇಷ್ಮೆಯ ಪಟ್ಟೆಸೀರೆ. ಮುಂದೆ ವೃಷಾಲಿ ಕಾಕೂ, ಹಿಂದೆ ನೂಲಿನ ಸೀರೆಯಲ್ಲಿ ಶಾಲನ. ಅವರ ಎದುರಿಗೆ ಗಟಾರದಲ್ಲಿ ಕೆಂಪು ನೀರು ಹರಿದು ಹೋಯಿತು. ಮೇಲಿನಿಂದ ಕುರಿಯ ವಾಸನೆ. ಹೋದ ವಾರ ಬಂದಿದ್ದ ಕುರಿಗಾರ ಎಲ್ಲರಿಗೂ ಒಮ್ಮೆಲೇ ನೆನಪಾದ. ಜೊತೆಗೆ ಬಂದಿದ್ದ ಅರ್ಚಕರಿಗೆ ವಿನೆಗರ್ ನೆನಪಾಯಿತು.

ವೃಷಾಲಿ ಕಾಕೂ ಕಟ್ಟೆಯ ಮೇಲೆ ಕುಸಿದು ಕೂತಳು. ಶಾಲನ ನಿಂತಲ್ಲೇ ನಿಂತಳು.

ಬಾಹುಬಲಿ ಬಾಗಿಲು ತೆರೆದಾಗ ಓಣಿಯಲ್ಲಿ ಜನ ನೆರೆದಿತ್ತು. ಅವನ ಎರಡೂ ಕೈ ಮೊಣಕೈವರೆಗೆ ರಕ್ತದ ಬಣ್ಣ, ಉಟ್ಟ ಹತ್ತಿ ಧೋತರ ಮಾತ್ರ ತೊಳೆದು ಹಿಂಡಿದ ಹಾಗೆ ಬೆಳ್ಳಗೆ. ಎಂಥ ಪಕ್ಕಾ ಆಸಾಮಿ, ಧೋತರ ತೊಳೆದಾನ ಕೈ ತೊಳೆಯೂದು ಮರತಾನ ಎಂದು ಹಿಂದೆ ಯಾರೋ ಅಂದರು. ಧರಣೇಂದ್ರರು ಮುಂದೆ ಬಂದು ಶಾಲೆಯ ದನಿಯಲ್ಲಿ ಕೇಳಿದರು, “ಮಗದುಮ್, ಮ್ಯಾಲೆ ಏನ ಕೊಂದೀರಿ?”

“ಏನೂ ಕೊಂದಿಲ್ರಿ ಸರ್. ಎಕ್ಸ್‌ಪೋರ್ಟ್ ಮಾಡಾಕತ್ತಿದ್ದೆ.”

ದೇಶ ಎಲ್ಲಿಗೆ ಬಂತು ನೋಡ್ರಿ, ಅದನ್ನೂ ಎಕ್ಸ್‌ಪೋರ್ಟ್ ಮಾಡತಾರ ಎಂದು ಅರ್ಚಕರು ಹಣೆ ಬಡಿದುಕೊಂಡರು. ಅಷ್ಟರಲ್ಲಿ ದೈವ ಎಂಬುದು ಇದೆಯೋ ಇಲ್ಲವೋ, ಲಗಮಣ್ಣ ಇನ್ನೊಂದು ಮೂಟೆ ಹೊತ್ತು ಓಣಿಯ ತುದಿಯಲ್ಲಿ ಕಾಣಿಸಿಕೊಂಡ. ಬಾಹುಬಲಿಗೆ ಜೀವ ಬಂದಂತಾಯಿತು. ಲಗಮಣ್ಣಾ, ನಾನು ನಿನ್ನ ಕಡೆ ಏನ ಕೊಂಡೇನಿ ಇವರಿಗೆ ಹೇಳಪಾ ಎಂದು ಕೂಗಿದ. ಲಗಮಣ್ಣ ಗುಂಪನ್ನು ನೋಡಿದ, ಕೆಂಡದಂಥ ಮುಖಗಳನ್ನು ನೋಡಿದ. ಉಣ್ಣೆಯಲ್ಲಿ ಮುಳ್ಳು ಹಿಕ್ಕೆ ತುಂಬಿ ಕೊಟ್ಟದ್ದಕ್ಕೆ ಜನ ಕೂಡಿಸಿದ್ದಾರೆ ಎಂದು ಲೆಕ್ಕ ಹಾಕಿದ. “ಈ ಮನಿಶ್ಯಾನ ನಾ ಎಂದೂ ನೋಡಿಲ್ರಿ,” ಎಂದ. “ಈ ಓಣಿಗೂ ಬಂದಿಲ್ಲ.” ಹೇಳಿ ಮೂಟೆಸಮೇತ ಹಿಂದಕ್ಕೆ ತಿರುಗಿ, ಮಿರಜಿನ ಬಸ್ಸು ನಿಲ್ಲುವ ಮೊದಲೇ ಹತ್ತಿಬಿಟ್ಟ.

ಇನ್ನು ಸಾಕ್ಷಿ ಯಾಕೆ ಬೇಕು? ಓಣಿಯಲ್ಲಿ ಗದ್ದಲವೆದ್ದಿತು. ಬಾಹುಬಲಿ ಗಚ್ಚಿಗೆ ಓಡಿ ಆ ಕೆಂಪು ಮುದ್ದೆಯನ್ನು ಎತ್ತಿಕೊಂಡು ಬಂದು ಎಲ್ಲರ ನಡುವೆ ಇಟ್ಟ. ಹೆಂಗಸರು ಕಣ್ಣು ಮುಚ್ಚಿಕೊಂಡರು.

“ಕಣ್ಣ ತಗದು ನೋಡ್ರಿ!” ಎಂದ. ಅವನಿಗೂ ರೋಷ ಬಂದಿತ್ತು. “ಇದು ಮಾಂಸ ಅಲ್ಲ. ಕುರಿ ಅಲ್ಲಿ ಖಂಡೇರಾಜುರಿಯೊಳಗ ಆರಾಮ ಮೇಯಾಕತ್ಯಾವ, ಬರೇ ಅದರ ಕೂದಲು ಇದು. ಮತ್ತ ಇದರಾಗ ಇರೂದು ಚೊಕ್ಕ ರೇಷ್ಮಿ!”

ಧರಣೇಂದ್ರರು ಬಗ್ಗಿ ಮುದ್ದೆಯನ್ನು ಕೋಲಿನಿಂದ ತಿರುವಿದರು. ಕುರಿಯಲ್ಲ ಎಂದು ಖಾತ್ರಿಯಾಗಿ ಅವರ ಮುಖ ಸಡಿಲಾಯಿತು, ಹಾಗೆಯೇ ಮತ್ತೆ ಬಿಗಿಯಿತು.

“ರೇಷ್ಮಿ?” ಎಂದರು. “ಮುನಿಗಳ ಚಾತುರ್ಮಾಸದಾಗ? ಮಗದುಮ್, ಒಂದು ಸೀರಿಗೆ ಎಷ್ಟ ಸಾವಿರ ಹುಳ ಕುದಿಸತಾರ ಗೊತ್ತದ? ಅದಕ್ಕಿಂತ ಒಂದು ಕುರಿನ ಪಾಡಿತ್ತು.”

ಒಂದು ಕುರಿಯ ಆರೋಪದಿಂದ ತಪ್ಪಿಸಿಕೊಳ್ಳಲು ಹೋಗಿ ನಮ್ಮ ಬಾಹುಬಲಿ ಸಾವಿರಾರು ಜೀವದ ತಪ್ಪನ್ನು ತಾನೇ ಒಪ್ಪಿಕೊಂಡು ನಿಂತ. ಓಣಿಯ ಹೆಂಗಸರು ಛೀ ಎಂದರು. ಅನ್ನುವಾಗ ಒಬ್ಬಿಬ್ಬರು ತಮ್ಮ ಸೆರಗು ನೋಡಿಕೊಂಡು ದನಿ ಸಣ್ಣದು ಮಾಡಿದರು.

ಶಾಲನ ಮುಂದೆ ಬಂದು ಮುದ್ದೆಯ ಹತ್ತಿರ ಕೂತಳು. ಬೆರಳಿನಿಂದ ಮುಟ್ಟಿದಳು. ಒಂದು ಕಡೆ ಉಣ್ಣೆಯ ನಡುವೆ ಜರಿಯ ಅಂಚು ಚೂರು ಹೊರಗೆ ಕಾಣುತ್ತಿತ್ತು.

“ಇದು ನನ್ನ ಮದುವಿ ಸೀರಿ,” ಎಂದಳು.

ಬಾಹುಬಲಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಶಾಲನ ಎದ್ದು ಧರಣೇಂದ್ರರ ಕಡೆ ತಿರುಗಿದಳು. “ಹುಳ ಇವತ್ತ ಸತ್ತಿಲ್ರಿ ಸರ್. ನನ್ನ ಲಗ್ನದಾಗ ಸತ್ತಾವ. ನಾ ಉಟ್ಟೇನಿ, ಪಾಪ ನಂದು. ಇವರು ಬರೇ ಬಣ್ಣ ಹಾಕ್ಯಾರ.” ಆಮೇಲೆ ಪಟ್ಟೆಸೀರೆಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ವೃಷಾಲಿ ಕಾಕೂಗೆ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಯಿತು. ನೋಡನೋಡುತ್ತ ಹೆಂಗಸರೆಲ್ಲರ ಒಲೆಯ ಮೇಲೂ ಹಾಲು ಇತ್ತು.

ಧರಣೇಂದ್ರರು ತೀರ್ಪು ಕೊಟ್ಟರು. ಉಣ್ಣೆ, ರೇಷ್ಮೆ, ಹಂಡೆ ಓಣಿಯ ಹೊರಗೆ ಹೋಗತಕ್ಕದ್ದು. ಮನೆ ತೊಳೆದು ಶುದ್ಧ ಮಾಡತಕ್ಕದ್ದು. ನಾಳೆ ಶಾಲನ ಬಾಗಿಲಲ್ಲಿ ನಿಲ್ಲಬಹುದು, ಆದರೆ ಮಗದುಮ್ ಆ ಕೈ ತೆಗೆದುಕೊಂಡು ಮುನಿಗಳ ಕಣ್ಣಿಗೆ ಬೀಳಕೂಡದು, ಸಮಾಜದ ಮರ್ಯಾದೆಯ ಪ್ರಶ್ನೆ.

ಅಂದು ಗಂಡಹೆಂಡತಿ ಮನೆ ತೊಳೆದರು. ಬಾಹುಬಲಿ ಕೈಗೆ ಸಾಬೂನು, ಬೂದಿ, ಶೀಗೆಕಾಯಿ, ಸೀಮೆಎಣ್ಣೆ ಎಲ್ಲ ಹಚ್ಚಿ ತಿಕ್ಕಿದ. ಉಣ್ಣೆ ರೇಷ್ಮೆಗೆ ಹತ್ತುವ ಬಣ್ಣ ಮನುಷ್ಯನ ತೊಗಲಿಗೂ ಹತ್ತುತ್ತದೆ, ತೊಗಲೂ ಜೀವಿಯದ್ದೇ ಅಲ್ಲವೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಶಾಲನ ಬಯ್ದರೆ ಚೆನ್ನಾಗಿತ್ತು, ಅವಳು ಬಯ್ಯಲೂ ಇಲ್ಲ. ಅದು ಅವನಿಗೆ ಹೆಚ್ಚು ಕಷ್ಟವಾಯಿತು.

ಬೆಳಿಗ್ಗೆ ಓಣಿ ಸಿಂಗಾರಗೊಂಡು ನಿಂತಿತು. ಇನ್ನು ಉಳಿದದ್ದು ಒಂದೆರಡು ದಿನ, ಹಾಗಾಗಿ ಊಹೆ ಮಿತಿಮೀರಿತ್ತು. ಒಬ್ಬನ ಕೈಯಲ್ಲಿ ಅನಾನಸು, ಒಬ್ಬನ ಕೈಯಲ್ಲಿ ಬೆಳ್ಳಿಯ ಕನ್ನಡಿ, ಧರಣೇಂದ್ರರ ಒಂದು ಕೈಯಲ್ಲಿ ಕಳಶ, ಕಂಕುಳಲ್ಲಿ ಕಬ್ಬು, ಇನ್ನೊಂದು ಕೈಯಲ್ಲಿ ಐದು ಬಗೆಯ ಹಣ್ಣಿನ ಬುಟ್ಟಿ. ಶಾಲನ ಕಳಶ ಹಿಡಿದು ಒಬ್ಬಳೇ ನಿಂತಿದ್ದಳು. ಬಾಹುಬಲಿ ಸ್ನಾನ ಮಾಡಿ, ಮಡಿಯುಟ್ಟು, ಒಳಗೆ ಬಾಗಿಲ ಹಿಂದೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಓಣಿಯ ತುದಿಯಲ್ಲಿ ಮುನಿಗಳು ಕಾಣಿಸಿದರು.

ಶಾಲನ ತಿರುಗಿ ಒಳಗೆ ನೋಡಿದಳು. “ಹೊರಗ ಬರ್ರಿ,” ಎಂದಳು.

“ಬ್ಯಾಡ. ಸರ್ ಏನಂದಾರ ಕೇಳೀದಿಲ್ಲ?”

“ಎಲ್ಲಾ ಮನಿಯಾಗ ಇಬ್ಬರೂ ನಿಂತಾರ. ನಾ ಒಬ್ಬಾಕಿನ ಯಾಕ ನಿಲ್ಲಲಿ? ಬರ್ರಿ. ಕೈ ಮುಚ್ಚಬ್ಯಾಡ್ರಿ, ಮಾಡಿದ್ದು ಕಾಣಲಿ.”

ಅವನು ಹೊರಗೆ ಬಂದ. ಹಿಡಿಯಲು ಏನೂ ಇರಲಿಲ್ಲ, ಇದ್ದ ಒಂದು ಕಳಶ ಹೆಂಡತಿಯ ಕೈಯಲ್ಲಿತ್ತು. ಕೆಂಪು ಕೈಗಳೆರಡನ್ನೂ ಮುಂದೆ ಜೋಡಿಸಿ ನಿಂತ. ಧರಣೇಂದ್ರರು ಪಕ್ಕದಿಂದ ಕಣ್ಣು ಕಿಸಿದರು. ಕಬ್ಬು ಅಡ್ಡವಿದ್ದುದರಿಂದ ಹೆಚ್ಚಿಗೆ ಏನೂ ಮಾಡಲಾಗಲಿಲ್ಲ.

ಮುನಿಗಳು ನೆಲ ನೋಡುತ್ತ ಬಂದರು. ಎರಡೂ ಬದಿಯಿಂದ ನಮೋಸ್ತು, ನಮೋಸ್ತು, ಇಲ್ಲಿ ನಿಲ್ಲಿ, ಇಲ್ಲಿ ನಿಲ್ಲಿ ಎಂದು ಕೂಗು. ಅನಾನಸು ದಾಟಿದರು. ಕನ್ನಡಿ ದಾಟಿದರು. ಧರಣೇಂದ್ರರ ಮುಂದೆ ಗಳಿಗೆ ತಡೆದು ದಾಟಿದರು. ಶಾಲನಳ ದನಿ ಹೊರಡಲೇ ಇಲ್ಲ, ತುಟಿ ಮಾತ್ರ ಅಲುಗಿತು. ಮುನಿಗಳು ಬಾಹುಬಲಿಯ ಕೈ ನೋಡಿದರು, ನಿಂತರು.

ಧರಣೇಂದ್ರರ ಕಂಕುಳಿನ ಕಬ್ಬು ಜಾರಿ ಬಿತ್ತು.

ಒಳಗೆ ಆಹಾರ ನಡೆಯಿತು. ಮುನಿಗಳು ನಿಂತೇ, ತಮ್ಮ ಅಂಗೈಯಲ್ಲಿ ತೆಗೆದುಕೊಳ್ಳುತ್ತಾರೆ. ಅನ್ನದಲ್ಲಿ ಒಂದೇ ಒಂದು ಕೂದಲು ಕಂಡರೂ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇದು ನೆನಪಾದ ಕೂಡಲೇ ಬಾಹುಬಲಿಯ ಕಿವಿಯೊಳಗೆ ಉಣ್ಣೆಯ ಎಳೆಯೊಂದು ತುರಿಸತೊಡಗಿತು. ನಿನ್ನೆಯಿಂದ ಅದು ಅಲ್ಲಿ ಇತ್ತೋ, ಭಯದಿಂದ ಹುಟ್ಟಿತೋ, ಹೇಳುವವರು ಯಾರು? ಅವನು ಕತ್ತು ಅಲ್ಲಾಡಿಸಲಿಲ್ಲ, ಸೀನು ನುಂಗಿದ, ಉಸಿರು ಅರ್ಧ ಬಿಟ್ಟ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಿಟಕಿಯಿಂದ ಇಣುಕುತ್ತಿದ್ದವರು ಎಂಥ ಭಕ್ತಿ ಎಂದು ಅಂದುಕೊಂಡರು. ಆಹಾರ ಪೂರ್ತಿಯಾಯಿತು. ಮುನಿಗಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿ ಹೊರಟರು. ಶಾಲನ ಗೋಡೆಗೆ ಒರಗಿ ನಗುತ್ತ ಅಳುತ್ತಿದ್ದಳು.

ಈಗ ಓಣಿಯ ಬುದ್ಧಿ ನೋಡಿ. ಮಧ್ಯಾಹ್ನದ ಹೊತ್ತಿಗೆ ಅನಾನಸಿನವನು ಕನ್ನಡಿಯವನ ಮನೆಗೆ ಹೋಗಿ, ನಿಯಮ ಏನಿತ್ತು ಗೊತ್ತಾತಲ್ಲ, ಕೆಂಪು ಕೈ ಎಂದ. ನಾಳೆ ಕಡೆಯ ದಿನ. ಹೊತ್ತು ಮುಳುಗುವ ಮೊದಲು ಬಾಹುಬಲಿಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ಧರಣೇಂದ್ರರು, ಮೈತುಂಬ ಶಾಲು ಹೊದ್ದು.

“ಮಗದುಮ್, ಆ ಬಣ್ಣ ಉಳದದೇನು?”

“ಓಣಿ ಹೊರಗ ಒಗೀರಿ ಅಂದಿದ್ರಲ್ರಿ ಸರ್.”

“ಹಂಡೆ ಅಂದಿದ್ದೆ. ಬಣ್ಣ ಅಂದಿಲ್ಲ,” ಎಂದು ಹೆಡ್‌ಮಾಸ್ತರರು ತೋಳು ಮಡಿಸಿದರು.

ಅವರ ಹಿಂದೆ ಅನಾನಸಿನವನಿದ್ದ. ಅವನ ಹಿಂದೆ ಕನ್ನಡಿಯವನು, ಅರ್ಚಕರು, ಹೀಗೆ ಸಾಲು ಮೆಟ್ಟಿಲಿಳಿದು ಓಣಿಗೆ ಮುಟ್ಟಿತ್ತು. ಬಾಹುಬಲಿ ಗಚ್ಚಿಯ ಮೇಲೆ ಬೋಗುಣಿಯಲ್ಲಿ ಬಣ್ಣ ಕದಡಿದ, ಉಳಿದ ವಿನೆಗರ್ ಹಾಕಿದ, ಒಬ್ಬೊಬ್ಬರನ್ನೇ ಮೊಣಕೈವರೆಗೆ ಅದ್ದಿಸಿದ. ಈ ಸಲ ಕಲಕಲಿಲ್ಲ. ಬಣ್ಣ ಎಲ್ಲರಿಗೂ ಸಮನಾಗಿ, ಚೊಕ್ಕಾಗಿ ಹತ್ತಿತು. ಮೆಟ್ಟಿಲು ಹತ್ತಲಾಗದೆ ಉಳಿದವಳು ಓಣಿಯ ತುದಿಯ ಮುದುಕಿ ನೀಲಗಂಗವ್ವ ಒಬ್ಬಳೇ.

ಮರುದಿನ ಮುನಿಗಳು ಬಂದರು. ಎರಡೂ ಬದಿಗೆ ಕೆಂಪು ಕೈಗಳು ತೋರಣ ಕಟ್ಟಿದಂತೆ ನಿಂತಿದ್ದವು. ಅವರು ಮುಗುಳ್ನಕ್ಕರೋ, ಅದು ಅವರ ಮುಖದ ರೀತಿಯೋ ತಿಳಿಯದು. ಎಲ್ಲರನ್ನೂ ದಾಟಿ ನೇರ ಹೋಗಿ ನೀಲಗಂಗವ್ವನ ಬಾಗಿಲಲ್ಲಿ ನಿಂತರು.

ಚಾತುರ್ಮಾಸ ಮುಗಿದು ಮುನಿಗಳು ವಿಹಾರಕ್ಕೆ ಹೊರಟ ದಿನ, ಜೊತೆಗಿದ್ದ ಬ್ರಹ್ಮಚಾರಿಯೊಬ್ಬರನ್ನು ಬಾಹುಬಲಿ ಮೆತ್ತಗೆ ಕೇಳಿದ, ಅವತ್ತು ನಮ್ಮನೆಯ ಮುಂದೆ ಮುನಿಗಳು ನಿಂತರಲ್ಲ, ಏನಿತ್ತು ನಿಯಮ ಎಂದು. ಆಹಾರ ಮುಗಿದ ಮೇಲೆ ಮುನಿಗಳೇ ಹೇಳಿದ್ದರು ಎಂದು ಬ್ರಹ್ಮಚಾರಿ ನಕ್ಕರು. ಆ ಓಣಿಯಲ್ಲಿ ಗಂಡಸು ಬರಿಗೈಯಲ್ಲಿ ನಿಂತ ಮನೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಉಪವಾಸ. ಅಷ್ಟೇ.

“ಮತ್ತ ಬಣ್ಣ?”

“ಯಾವ ಬಣ್ಣ?” ಎಂದರು ಅವರು.

ಬಾಹುಬಲಿ ಹಿಂದಕ್ಕೆ ಬಂದು ಇದನ್ನು ಶಾಲನಳಿಗೆ ಹೇಳಿದ.

“ಸೀರಿ ಬಿಟ್ಟೆ ಅಂತ ವ್ರತ ತಗೊಂಡಿದ್ದೆ,” ಎಂದಳು ಅವಳು. “ಆದ್ರ ನೀವು ಇಲ್ಲದಾಗ ಟ್ರಂಕ್ ತಗದು ಮುಟ್ಟಿ ಮುಟ್ಟಿ ನೋಡತಿದ್ದೆ. ನನ್ನ ಕೈಯೂ ಎಲ್ಲಿ ಖಾಲಿ ಇತ್ರಿ? ನೀವ ಬಿಡಿಸಿದ್ರಿ.” ಆಮೇಲೆ, “ಹಂಗಂತ ಇನ್ನ ಮ್ಯಾಲೆ ನನ್ನ ಟ್ರಂಕಿಗೆ ಕೈ ಹಾಕಿದ್ರ ನೋಡ್ರಿ,” ಎಂದಳು.

ಹೊರಗಿನಿಂದ ಧರಣೇಂದ್ರರು ಕರೆದರು. ಬುಧಗಾಂವದಲ್ಲಿ ಒಂದು ಲಗ್ನಕ್ಕೆ ಹೋಗಬೇಕಿತ್ತು, ಇಡೀ ಓಣಿ ಬಸ್ಸಿಗೆ ನಿಂತಿತ್ತು, ಎಲ್ಲರ ಕೈಯೂ ಅಂಗಿಯ ತೋಳಿನೊಳಗೆ. ಲಗ್ನದ ಮನೆಯಲ್ಲಿ ನೇಮಿನಾಥ ಎದುರಾಗಿ ತೋಳಿನಿಂದ ಇಣುಕುತ್ತಿದ್ದ ಕೆಂಪು ಕೈಗಳ ಸಾಲನ್ನು ಬೆರಗಾಗಿ ನೋಡಿದ. ಸಾಡೂ, ನಿಮ್ಮ ಎಕ್ಸ್‌ಪೋರ್ಟ್ ಹೆಂಗ ನಡದದ ಎಂದು ಕೇಳಿದ. ಮಾಲೆಲ್ಲ ಓಣಿಯಾಗ ಖಾಲಿ ಆತು, ಪರದೇಶಕ್ಕ ಉಳೀಲೇ ಇಲ್ಲ ಎಂದ ಬಾಹುಬಲಿ. ಎಕ್ಸ್‌ಪೋರ್ಟಿನ ವಿಷಯದಲ್ಲಿ ಅವನು ನೇಮಿನಾಥನಿಗೆ ಹೇಳಿದ ಮೊದಲ ನಿಜವಾದ ಮಾತು ಅದು.

ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಧರಣೇಂದ್ರರು ಬಗ್ಗಿ ಕಿವಿಯಲ್ಲಿ ಕೇಳಿದರು, “ಮಗದುಮ್, ನಿಮ್ಮ ಬಣ್ಣಾನೂ ನಮ್ಮ ಬಣ್ಣಾನೂ ಒಂದ. ಮತ್ತ ನಮ್ಮ ಮನಿ ಯಾಕ ದಾಟಿದ್ರು? ಕೈಯಾಗ ಇನ್ನೇನ ಹಿಡದಿದ್ರಿ ಅವತ್ತ?”

ಬಾಹುಬಲಿ ಅವರ ಮೊಣಕೈವರೆಗಿನ ಕೆಂಪನ್ನು ನೋಡಿದ.

“ಏನೂ ಹಿಡದಿರಲಿಲ್ರಿ ಸರ್,” ಎಂದ.

ಧರಣೇಂದ್ರರು ನಂಬಲಿಲ್ಲ.